ಅಲುಗಬ್ಯಾಡ್ರಿ ಎನ್ನಲಾರದವ

ನಾಚಿಕೆಯ ಮನುಷ್ಯನಿಗೆ ಮನೆಯೊಳಗೆ ಕೂತಿದ್ದಾಗ ಏನೂ ಆಗುವುದಿಲ್ಲ. ಆಗುವುದೆಲ್ಲ ನಾಲ್ಕು ಮಂದಿ ನೋಡುತ್ತಿರುವಾಗಲೇ. ನನಗಂತೂ ಜೀವಮಾನವೆಲ್ಲ ಹಾಗೆಯೇ ಆಗುತ್ತ ಬಂದಿದೆ. ಅದರ ಮೇಲೆ ನನ್ನ ಪಾಲಿಗೆ ಬಂದ ಕೆಲಸವೋ, ಮಂದಿಯನ್ನು ಸಾಲಾಗಿ ನಿಲ್ಲಿಸಿ, ಅವರ ಮುಖ ನೋಡಿ, ಗಟ್ಟಿಯಾಗಿ "ಅಲುಗಬ್ಯಾಡ್ರಿ" ಅನ್ನಬೇಕಾದದ್ದು.

ನಾನು ಬೇಡಿ ಪಡೆದದ್ದಲ್ಲ. ಕಲಬುರ್ಗಿ ಟೇಶನ್ನಿನ ಹತ್ತಿರ ಕ್ಯಾಮರಾದಿಂದ ತಸಬೀರು ತೆಗೆಯುವ ಉಸ್ತಾದರೊಬ್ಬರ ಅಂಗಡಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಇಂವ ಯಾರ ಜೋಡಿಯೂ ಮಾತಾಡುವವನಲ್ಲ, ಕತ್ತಲೆ ಕೋಣೆಯಲ್ಲಿ ಮಾಡುವ ಕೆಲಸವಿದ್ದರೆ ಕೊಡಿ ಎಂದು ಬೇಡಿಕೊಂಡಳು. ಅಂಥ ಕೆಲಸ ಅಲ್ಲಿತ್ತು. ಕೆಂಪು ಕಂದೀಲಿನ ಬೆಳಕಿನಲ್ಲಿ ಗಾಜಿನ ಪ್ಲೇಟು ತೊಳೆಯುತ್ತ ನಾನು ವರ್ಷಗಟ್ಟಲೆ ಸುಖವಾಗಿದ್ದೆ. ಪ್ಲೇಟಿನ ಮೇಲಿನ ಮಂದಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಆಮೇಲೆ ಉಸ್ತಾದರ ಕಣ್ಣಿಗೆ ಪೊರೆ ಬಂತು. ಒಂದು ದಿನ ಮದುಮಗನನ್ನು ಬಿಟ್ಟು ಅವನ ಹಿಂದಿನ ಕಂಬವನ್ನು ಚೆನ್ನಾಗಿ ತೆಗೆದುಕೊಂಡು ಬಂದರು. ಸಂಜೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಹೊರಗಿನ ಕೆಲಸ ಇನ್ನ ನಿಂದು, ಬೇಟಾ" ಅಂದರು. ಅವರಿಗೆ ಮಕ್ಕಳಿರಲಿಲ್ಲ, ಅಂಗಡಿ ಮುಚ್ಚಿದರೆ ಇಬ್ಬರ ಒಲೆಯೂ ಆರುತ್ತಿತ್ತು. ನಾನು ತಲೆ ಆಡಿಸಿದೆ. ತಲೆ ಆಡಿಸುವುದೊಂದು ನನಗೆ ಮೊದಲಿನಿಂದಲೂ ಸಲೀಸು.

*ಬೀಳ್ಕೊಡುಗೆ*

ಮೊದಲ ಕೆಲಸ ಒಂದು ಕಚೇರಿಯದು. ಅಲ್ಲಿಯ ಸಾಹೇಬರಿಗೆ ಬೀದರಿಗೆ ಬದಲಿಯಾಗಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ ಸಾಹೇಬರನ್ನು ನಡುವೆ ಕೂಡಿಸಿ, ಸುತ್ತ ಪೇಶ್ಕಾರರು, ಗುಮಾಸ್ತರು, ಜವಾನರು ರುಮಾಲು ಸರಿಮಾಡಿಕೊಂಡು ನಿಂತಿದ್ದರು. ಅಷ್ಟು ಕಣ್ಣುಗಳು ಒಮ್ಮೆಗೇ ನನ್ನ ಮೇಲೆ ಬಿದ್ದದ್ದು ಅದೇ ಮೊದಲು. ನಾನು ತಟ್ಟನೆ ಕ್ಯಾಮರಾದ ಕರೇ ಬಟ್ಟೆಯೊಳಗೆ ಹೊಕ್ಕೆ.

ಒಳಗೆ ತಂಪಾಗಿತ್ತು. ಕ್ಯಾಮರಾದ ಹಿಂಬದಿಯ ಗಾಜಿನಲ್ಲಿ ಎಲ್ಲರೂ ತಲೆಕೆಳಗಾಗಿ ನಿಂತಿದ್ದರು. ತಲೆಕೆಳಗಾದ ದೊಡ್ಡವರ ಭಯ ಅಷ್ಟಾಗಿ ಆಗುವುದಿಲ್ಲ. ಆದರೆ ಹೊರಗೆ ಬಂದು ಮಾತಾಡಬೇಕಲ್ಲ. ಇನ್ನಷ್ಟು ಹೊತ್ತು, ಇನ್ನಷ್ಟು ಹೊತ್ತು ಎಂದು ಕಣ್ಣು ಮುಚ್ಚಿ ಒಳಗೇ ನಿಂತೆ. ಹೊರಗೆ ಯಾರೋ ಕೆಮ್ಮಿದರು, ಯಾರೋ ಗಾಡಿಯ ಹೊತ್ತಾಯಿತು ಅಂದರು. ಕೊನೆಗೆ ಪೇಶ್ಕಾರರೇ ಬಂದು ಬಟ್ಟೆ ಎತ್ತಿ ಇಣುಕಿ, ಒಳಗೆ ನಿದ್ದೆ ಮಾಡುತ್ತೀರೇನು ಎಂದು ಕೇಳಿದರು. ಗಾಬರಿಯಲ್ಲಿ ಅತ್ತಿತ್ತ ನೋಡದೆ ಕ್ಯಾಮರಾದ ಕಣ್ಣಿನ ಮುಚ್ಚಳ ತೆಗೆದು ಮತ್ತೆ ಹಾಕಿ, ತಸಬೀರು ತೆಗೆದುಬಿಟ್ಟೆ.

ಪ್ಲೇಟು ತೊಳೆದಾಗ ಎಲ್ಲರೂ ಇದ್ದರು. ನಡುವಿನ ಕುರ್ಚಿ ಖಾಲಿ ಇತ್ತು. ಸಾಹೇಬರು ರೈಲು ತಪ್ಪೀತೆಂದು ಆಗಲೇ ಟಾಂಗಾ ಹತ್ತಿದ್ದರು. ನಾನು ಅಳುವ ಮುಖ ಮಾಡಿಕೊಂಡು ನಿಂತಿದ್ದೆ. ಉಸ್ತಾದರು ಪ್ಲೇಟನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿ ಅಂದರು: "ಅವರಿಗೆ ಇದನ್ನ ಕೊಡು. ಬೀಳ್ಕೊಡುಗಿ ಅಂದ್ರ ಹಿಂಗೇ ಇರಬೇಕು. ಹೋಗಬೇಕಾದವರು ಹೋಗೇ ಬಿಟ್ಟಾರ."

*ಕೋಟೆಯ ತಾಲೀಮು*

ದನಿ ಇಲ್ಲದೆ ಈ ಕಸಬು ನಡೆಯದು ಎಂದು ಉಸ್ತಾದರು ಮರುದಿನ ಬೆಳಕು ಹರಿಯುವಾಗಲೇ ನನ್ನನ್ನು ಕೋಟೆಯ ಹಿಂಬದಿಗೆ ಕರೆದೊಯ್ದರು. ಅಲ್ಲಿ ಜಾಲಿಯ ಕಂಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿ ಯಾರೂ ಇಲ್ಲ, ಒದರು ಅಂದರು. ಒದರಿದೆ; ನನಗೇ ಕೇಳಲಿಲ್ಲ. ಮತ್ತೆ ಒದರಿದೆ. ಉಸ್ತಾದರು ಕಿವಿಗೆ ಕೈ ಹಚ್ಚಿ ನಿಂತು, ಇನ್ನೂ ಬರಲಿಲ್ಲ ಅನ್ನುತ್ತಲೇ ಇದ್ದರು. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು. ಆ ಸಿಟ್ಟಿನಲ್ಲಿ ಕಣ್ಣು ಮುಚ್ಚಿ ಇದ್ದ ಬಲವನ್ನೆಲ್ಲ ಕೂಡಿಸಿ, ಅಲುಗಬ್ಯಾಡ್ರಿ ಎಂದು ಚೀರಿದೆ. ಕೋಟೆಯ ಗೋಡೆಗೆ ಬಡಿದು ದನಿ ತಿರುಗಿ ಬಂತು. ಉಸ್ತಾದರ ಪೊರೆಗಣ್ಣಿನಲ್ಲಿ ನೀರಾಡಿತು.

ಆಗ ಕಂಟಿಯ ಆಚೆಯಿಂದ ತಂಬಿಗೆ ಹಿಡಿದು ನಿಂತಲ್ಲೇ ನಿಂತಿದ್ದವನೊಬ್ಬ ಬಹಳ ನಮ್ರತೆಯಿಂದ ಕೇಳಿದ: "ಸಾಹೇಬ್ರ, ಇನ್ನರೆ ಕುಂದ್ರಬಹುದೇನ್ರಿ?"

*ರೋಜಾದ ಓಣಿ*

ಬೊಂಬಾಯಿಯಲ್ಲಿ ನೆಲೆಸಿದ ವ್ಯಾಪಾರಿಯೊಬ್ಬರು ದರ್ಗಾಕ್ಕೆ ಬಂದವರು ಅಂಗಡಿಗೂ ಬಂದರು. ದರ್ಗಾದ ಸುತ್ತಲಿನ ರೋಜಾ ಮೊಹಲ್ಲಾದಲ್ಲಿ ತಾವು ಹುಟ್ಟಿದ ಓಣಿಯ ತಸಬೀರು ಬೇಕು, ಓಣಿ ಮಂದಿಯಿಂದ ತುಂಬಿರಬೇಕು ಎಂದರು.

ಅವು ಪ್ಲೇಗಿನ ದಿನಗಳು. ಎಲ್ಲಿ ಇಲಿ ಸತ್ತು ಬಿದ್ದರೂ ಸರಕಾರದವರು ಬಂದು ಮನೆ ಖಾಲಿ ಮಾಡಿಸಿ, ಊರ ಹೊರಗೆ ಗುಡಿಸಲಿಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ಅಂಥದರಲ್ಲಿ ನಾನು ಉಸ್ತಾದರ ಹಳೆಯ ಕೋಟು ಹಾಕಿಕೊಂಡು, ಓಣಿಯ ತುದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಯಾರೊಂದಿಗೂ ಮಾತಾಡದೆ ಮನೆಗಳನ್ನೇ ನೋಡುತ್ತ ನಿಂತೆ. ಮಾತಾಡದವನು ಸರಕಾರದವನೇ ಇರಬೇಕೆಂದು ಮಂದಿ ತಿಳಿದರು. ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ಚಹಾ ತಂದರು. ಅಜ್ಜಿಯೊಬ್ಬಳು ಕೈಮುಗಿದು, ನಮ್ಮ ಮನೆಯನ್ನೂ ಖಾಲಿ ಮಾಡಬೇಕೇ ಎಂದು ದಖನಿ ಉರ್ದುವಿನಲ್ಲಿ ಕೇಳಿದಳು. ಅಷ್ಟು ಹತ್ತಿರ ಬಂದು ಮುಖ ನೋಡಿ ಕೇಳಿದ್ದಕ್ಕೆ ನಾನು ರೂಢಿಯಂತೆ ತಲೆ ಆಡಿಸಿದೆ.

ಮಂಚ, ಹಂಡೆ, ಕೋಳಿ, ಕೂಸು ಎಲ್ಲ ಎತ್ತಿಕೊಂಡು ಓಣಿಗೆ ಓಣಿಯೇ ಆಚೆಯ ಬಯಲಿಗೆ ಹೊರಟಿತು. ತಡೆಯಲು ಬಾಯಿ ತೆರೆದೆ. ದನಿ ಕೋಟೆಯ ಹಿಂದೆಯೇ ಉಳಿದಿತ್ತು. ಕೊನೆಗೆ ಪರಿಚಯದ ಅತ್ತರಿನವನೊಬ್ಬ ಬಂದು, ಇಂವ ಬರೇ ತಸಬೀರಿನವ ಎಂದು ಎಲ್ಲರಿಗೂ ತಿಳಿಸಿ ಹೇಳಿದ. ಬೈಗಳು ತಿನ್ನುತ್ತ ಅವರ ಮಂಚಗಳನ್ನು ತಿರುಗಿ ಒಳಗೆ ಹೊತ್ತು ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ನನ್ನ ಹತ್ತಿರ ಉಳಿದದ್ದು, ಓಣಿ ಖಾಲಿಯಾದಾಗ ಗಾಬರಿಯಲ್ಲಿ ತೆಗೆದಿದ್ದ ಒಂದೇ ಪ್ಲೇಟು. ಅದರಲ್ಲಿ ನರಪಿಳ್ಳೆಯೂ ಇರಲಿಲ್ಲ.

ವ್ಯಾಪಾರಿ ಅದನ್ನು ನೋಡಿ ಕಣ್ಣೊರೆಸಿಕೊಂಡರು. ತಾವು ಊರು ಬಿಟ್ಟ ದುಃಖಕ್ಕೆ ಓಣಿ ಇನ್ನೂ ಬಿಕೋ ಅನ್ನುತ್ತಿದೆ ಎಂದು ತಿಳಿದು, ಹೆಂಡತಿಗೆ ತೋರಿಸಲು ಇನ್ನೊಂದು ಪ್ರತಿ ಕೇಳಿದರು.

*ಕಮಲಾಪುರದ ಮನೆ*

ಇಷ್ಟಾದ ಮೇಲೆ ಕತ್ತಲೆ ಕೋಣೆಗೇ ಮರಳುತ್ತೇನೆಂದು ಉಸ್ತಾದರಿಗೆ ಹೇಳಬೇಕೆಂದಿದ್ದೆ. ಹೇಳುವ ಮೊದಲೇ ಕಮಲಾಪುರದಿಂದ ಒಬ್ಬರು ಬಂದರು. ಅವರ ತಂದೆ ಬೆಳಗಿನ ಜಾವ ತೀರಿಕೊಂಡಿದ್ದರು. ಒಂದೂ ತಸಬೀರು ಇರಲಿಲ್ಲ. ಮಣ್ಣು ಕೊಡುವುದರೊಳಗೆ ತೆಗೆಯಬೇಕಾಗಿತ್ತು. ನನ್ನ ಅಪ್ಪನದೂ ತಸಬೀರಿಲ್ಲ. ಅವನ ಮುಖ ನನಗೆ ಆಗಲೇ ಅರ್ಧ ಮರೆತಿತ್ತು. ಇಲ್ಲ ಅನ್ನಲಾಗಲಿಲ್ಲ.

ಮಹಾಗಾಂವ ದಾಟಿ ನಾವು ತಲುಪಿದಾಗ ತೀರಿಕೊಂಡ ಅಜ್ಜನನ್ನು ಬೆಳಕಿಗಾಗಿ ಕಟ್ಟೆಯ ಮೇಲೆ ತಂದು, ನಮ್ಮ ಲಿಂಗಾಯತರ ರೀತಿಯಂತೆ ಕೂಡಿಸಿ, ವಿಭೂತಿ ಹಚ್ಚಿ ಹೂವು ಏರಿಸಿದ್ದರು. ಓಣಿಯೆಲ್ಲ ನೆರೆದಿತ್ತು. ಅಜ್ಜಿ, ಮಕ್ಕಳು, ಸೊಸೆಯಂದಿರು ಸುತ್ತ ನಿಂತರು. ಹೆಣ್ಣುಮಕ್ಕಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಳುವವರಿಗೆ ಅಲುಗಬೇಡಿರಿ ಎಂದು ಹೇಗೆ ಹೇಳುವುದು? ಆದರೂ ಹೇಳಲೇಬೇಕಿತ್ತು. ಅಲ್ಲಿ ನನ್ನತ್ತ ನೋಡದ ಮುಖವೆಂದರೆ ಅಜ್ಜನದೊಂದೇ. ಆ ಮುಖವನ್ನೇ ನೋಡುತ್ತ, "ಅಲುಗಬ್ಯಾಡ್ರಿ" ಅಂದೆ.

ಅಜ್ಜ ಒಬ್ಬನೇ ಮಾತು ಕೇಳಿದ.

ಪ್ಲೇಟಿನಲ್ಲಿ ಅಜ್ಜನ ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು. ಅಲುಗಿದ್ದ ಉಳಿದವರೆಲ್ಲ ಹೊಗೆಯಾಗಿದ್ದರು; ಒಬ್ಬರಿಗೆ ಎರಡು ತಲೆ, ಒಬ್ಬರಿಗೆ ಮುಖವೇ ಇಲ್ಲ. ಇದು ಯಾರು ತೀರಿಕೊಂಡ ಮನೆ ಎಂದು ಉಸ್ತಾದರು ನನ್ನನ್ನು ಕೇಳಿದರು. ನೀನೇ ಹೋಗಿ ಕೊಟ್ಟು ಬಾ ಎಂದೂ ಅಂದರು.

ನಾಲ್ಕು ದಿನ ಬಿಟ್ಟು ಹೋದೆ. ಹಿರಿಯ ಮಗ ತಸಬೀರು ನೋಡಿದವನೇ ಕೆಂಪಗಾದ. "ಇದರಾಗ ಅಪ್ಪ ಜೀವಂತ ಇದ್ದಾನ, ನಾವೆಲ್ಲಾ ದೆವ್ವ ಆಗೀವಿ," ಎಂದು ಅದನ್ನು ಹರಿಯಲು ಹೋದ. ನಾನು ತಲೆ ತಗ್ಗಿಸಿ, ನೆಲ ಬಾಯಿಬಿಟ್ಟರೆ ಸಾಕೆಂದು ನಿಂತಿದ್ದೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೈಚಾಚಿ ಅದನ್ನು ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು. ಅಜ್ಜನ ಮುಖದ ಮೇಲೆ ಬೆರಳಾಡಿಸಿದಳು. ಸುತ್ತಲಿನ ಹೊಗೆಯನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಆ ಮನೆಯಲ್ಲಿ ನಾಲ್ಕು ದಿನದಿಂದ ಯಾರೂ ನಗದಿದ್ದ ನಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ ಮಗನಿಗೆ ಅಂದಳು:

"ಗ್ವಾಡಿಗಿ ಹಚ್ಚಪಾ. ಖರೇನ ಬಂದದ. ನಾ ಲಗ್ನಾಗಿ ಬಂದಾಗಿಂದ ಹಿಂಗೇ ಅದ. ನಿಮ್ಮಪ್ಪ ಕುಂತಲ್ಲೇ ಕುಂತಿರ್ತಿದ್ದ, ನಾವೆಲ್ಲಾ ಸುತ್ತ ಓಡ್ಯಾಡಿ ಸಾಯ್ತಿದ್ದಿವಿ."