ಗೌರೀಶನ ನಾಲ್ಕು ಕಿಲೋದ ಜೋಡಿ

ರಕ್ತ ತಪಾಸಣೆಯ ಚೀಟಿ ನೋಡಿ ಡಾಕ್ಟರು ಹೇಳಿದ್ದು ಇಷ್ಟೇ: "ಸಕ್ರಿ ಹೊಸ್ತಿಲ ಮ್ಯಾಲ ಬಂದು ನಿಂತೈತ್ರಿ. ಮೂರು ತಿಂಗಳ ಸಿಹಿ ಬಿಡ್ರಿ, ಡಂಬೆಲ್ಸ್ ಎತ್ರಿ. ಇಲ್ಲಾಂದ್ರ ಜನ್ಮಪೂರ್ತಿ ಗುಳಿಗಿ."

ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಬಿಲ್ಲು ಬರೆಯುವ ಗೌರೀಶ ಗುಳಿಗೆಗೆ ಹೆದರಿದಷ್ಟು ಹುಲಿಗೂ ಹೆದರುವವನಲ್ಲ. ಒಂದು ಗುಳಿಗೆ ಗಂಟಲಿಳಿಯಬೇಕಾದರೆ ಅವನಿಗೆ ಮೂರು ತಂಬಿಗೆ ನೀರು, ಬೆನ್ನಿಗೆ ಹೆಂಡತಿಯ ಎರಡು ಗುದ್ದು ಬೇಕು. ಅಂದೇ ತಲಾ ನಾಲ್ಕು ಕಿಲೋದ ಒಂದು ಜೋಡಿ ಡಂಬೆಲ್ಸ್ ಕೊಂಡು ತಂದ.

ಆಮೇಲೆ ಯೋಜನೆ. ಹಾಳೆಗೆ ಗೆರೆ ಹೊಡೆದು ಬರೆದ: ಕಾಲಿಗೆ ಬೈಠಕ್ ಹತ್ತು, ಬೆನ್ನಿಗೆ ಬಗ್ಗಿ ಎಳೆಯುವುದು ಹತ್ತು, ಎದೆಗೆ ನೆಲದ ಮೇಲೆ ಮಲಗಿ ಎತ್ತುವುದು ಹತ್ತು, ಭುಜಕ್ಕೆ ತಲೆಯ ಮೇಲೆ ಎತ್ತುವುದು ಎಂಟು. ವಾರಕ್ಕೆ ಮೂರು ದಿನ. ಎಂಟು ಹೆಚ್ಚಾಯಿತೇನೋ ಎನಿಸಿ ಆರು ಮಾಡಿದ. ಅದು ಕಳ್ಳತನವೆನಿಸಿ ಮತ್ತೆ ಎಂಟು ಮಾಡಿ ಗೋಡೆಗೆ ಅಂಟಿಸಿದ.

ಓಣಿಗೆ ಮಾತ್ರ ಗೊತ್ತಾಗಬಾರದು. ಹೋದ ವರ್ಷ ಅವನು ಎರಡು ದಿನ ಓಡಿದಾಗ, ಯಾವ ನಾಯಿ ಬೆನ್ನು ಹತ್ತಿತ್ತೆಂದು ಹದಿನಾಲ್ಕು ಜನ ವಿಚಾರಿಸಿದ್ದರು. ಆದರೆ ಓಣಿಯ ಕರೆಂಟಿನ ಮಗ್ಗಗಳು ಶುರುವಾದರೆ ಪಕ್ಕದ ಮನೆಯಲ್ಲಿ ಆನೆ ಸೀನಿದರೂ ಕೇಳಿಸದು. ಹಾಗೆಂದು ಅಂಗಡಿಗೆ ಸೂಟಿಯಿದ್ದ ಸೋಮವಾರ ಬೆಳಿಗ್ಗೆ, ಖಟಖಟ ಸದ್ದು ತಾರಕಕ್ಕೇರಿದ ಮೇಲೆಯೇ ಡಂಬೆಲ್ಸ್ ಹಿಡಿದ.

ಬೈಠಕ್ ಆಯಿತು, ಬೆನ್ನಾಯಿತು, ಎದೆಯಾಯಿತು. ತಲೆಯ ಮೇಲೆ ಐದನೆಯ ಸಲ ಎತ್ತುವಾಗ ತೋಳು ಶಾವಿಗೆಯಂತೆ ಜೋಲಿ ಹೊಡೆಯಿತು. "ಅಯ್ಯವ್ವಾ, ಸತ್ನೆಪಾ!" ಎಂದು ಒದರಿದ. ಅದೇ ಗಳಿಗೆಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ಗಪ್ಪಾದವು. ಅವನ ಕೂಗು ಓಣಿಯ ಆ ತುದಿಯವರೆಗೂ ಹೋಯಿತು. ಹಿಂದೆಯೇ ಡಂಬೆಲ್ 'ಧಡ್' ಎಂದು ಬಿದ್ದು ಸಾಕ್ಷಿ ಹೇಳಿತು.

ಮೊದಲು ಓಡಿ ಬಂದವಳು ಎದುರು ಮನೆಯ ಇಂದ್ರವ್ವ. "ಏನಾತ ಅಕ್ಷತಾ? ಗಂಡಗ ಏನರೆ ಬಡದೇನವ್ವಾ?"

"ನಾ ಯಾಕ ಬಡೀಲಿ ಬೇ ದೊಡ್ಡವ್ವ? ತಾವ ಬಡಕೊಳ್ಳಾಕತ್ತಾರ," ಎಂದಳು ಗೌರೀಶನ ಹೆಂಡತಿ.

ಹಿಂದೆಯೇ ಶಿದ್ರಾಮಪ್ಪ ಬಂದ. ಹರೆಯದಲ್ಲಿ ಕಾರಹುಣ್ಣಿಮೆಗೆ ಗುಂಡುಕಲ್ಲು ಎತ್ತಿ ಹೆಸರಾದವನು; ಈಗ ಮೊಣಕಾಲು ಹೋಗಿದ್ದರೂ ಮೀಸೆ ಇಳಿದಿರಲಿಲ್ಲ. ಡಂಬೆಲ್ಲನ್ನು ಎರಡೇ ಬೆರಳಲ್ಲಿ ಎತ್ತಿ, "ಇದೇನಲೇ ಗೌರ್ಯಾ, ಅರಿಷಿಣ ಕುಟ್ಟೂದೇನು?" ಎಂದ.

"ಹಂಗಲ್ಲ ಕಾಕಾ... ಮೈಗೆ ಛಲೋ ಅಂತ..." ಗೌರೀಶ ತೊದಲಿದ. ಸಕ್ಕರೆಯ ಸುದ್ದಿ ಬಾಯಿಬಿಟ್ಟರೆ ಸಂಜೆಯೊಳಗೆ ಓಣಿಯವರು ಬಾಯಿಂದ ಬಾಯಿಗೆ ಸುದ್ದಿ ಬೆಳೆಸಿ ತನ್ನ ಒಂದು ಕಾಲನ್ನೇ ತೆಗೆಸಿಬಿಡುತ್ತಾರೆಂದು ಅವನಿಗೆ ಗೊತ್ತಿತ್ತು.

ಶಿದ್ರಾಮಪ್ಪನ ಕಣ್ಣು ತುಂಬಿದವು. "ಹನ್ನೆರಡು ವರ್ಸ ಆತು, ನಮ್ಮ ಓಣ್ಯಾಗ ಗುಂಡು ಎತ್ತೋ ಗಂಡಸ ಇರಲಿಲ್ಲ! ಈ ಸಲ ಕಾರಹುಣ್ಣಿವಿಗೆ ನಿನ್ನ ಹೆಸರು ಬರಸ್ತೇನಿ!" ಗೋಡೆಯ ಮೇಲಿನ ಹಾಳೆ ನೋಡಿ ಹೌಹಾರಿದ. "ಹತ್ತ? ಹತ್ತು ಬೈಠಕ್ ನಮ್ಮ ಎಮ್ಮಿ ಹೊಡೀತೈತಿ!" ಎಂದು ಪ್ರತಿ ಅಂಕಿಗೂ ಒಂದೊಂದು ಸೊನ್ನೆ ಸೇರಿಸಿದ. ಆಮೇಲೆ ಬಾಗಿಲಿಗೆ ಹೋಗಿ ಕೂಗಿದ: "ಪೈಲವಾನ ಸಿಕ್ಕಾನ! ಖುರಾಕು ತರ್ರಿ!"

ಪೈಲವಾನನ ಹೊಟ್ಟೆಯೆಂದರೆ ಇಡೀ ಓಣಿಯ ಜವಾಬ್ದಾರಿ. ಕರೆಂಟೂ ಇಲ್ಲ, ಕೈಗೆ ಕೆಲಸವೂ ಇಲ್ಲ. ಬಾದಾಮಿ ಹಾಲು ಬಂತು, ತುಪ್ಪದಲ್ಲಿ ಈಜುವ ಸಿಹಿ ಮಾದಲಿ ಬಂತು, ಮುಷ್ಟಿಗಾತ್ರದ ಉಂಡಿಗಳು ಬಂದವು. ಶಿದ್ರಾಮಪ್ಪ ಎದುರು ಕೂತು ತಿನ್ನಿಸಿದ. ಎರಡು ಬಟ್ಟಲು ಹೇಗೋ ಒಳಗೆ ಹೋದವು. ಮೂರನೆಯದರ ತುಪ್ಪದಲ್ಲಿ ಗೌರೀಶನಿಗೆ ಬಿಳಿಯ ಗುಳಿಗೆಯೊಂದು ತೇಲಿದಂತಾಯಿತು.

"ಕಾಕಾ, ಸಾಕು! ನನಗ ಸಕ್ರಿ ಬರಾಕತ್ತೈತಿ!"

ಇಂದ್ರವ್ವ ಕೈಯಲ್ಲಿದ್ದ ಉಂಡಿ ಕೆಳಗಿಟ್ಟು ಮೆಲ್ಲಗೆ, "ನನಗೂ ಐತಿ," ಎಂದಳು. "ನಮ್ಮನ್ಯಾಗ ಇಬ್ಬರಿಗೈತಿ," ಎಂದಿತು ಬಾಗಿಲಲ್ಲಿ ಇನ್ನೊಂದು ದನಿ. ಕೊನೆಗೆ ಶಿದ್ರಾಮಪ್ಪನ ಮೀಸೆಯೂ ಇಳಿಯಿತು. "ನನಗ ಆರು ವರ್ಸಾತಲೇ. ಯಾರ ಮುಂದೂ ಅಂದಿಲ್ಲ."

ಎಣಿಸಿದರೆ ಗೌರೀಶನದೂ ಸೇರಿ ಹನ್ನೊಂದು ಮನೆ! ಯಾರೂ ನಗಲಿಲ್ಲ. ಗುಂಡಿನ ಮಾತೂ ಅಲ್ಲಿಗೇ ಬಿತ್ತು. ಗೌರೀಶನಿಗೆ ಎದೆಯ ಮೇಲಿನ ಗುಂಡು ಇಳಿದಷ್ಟು ಹಗುರಾಯಿತು.

"ಜೋಡಿ ಒಂದ, ಮನಿ ಹನ್ನೊಂದು," ಶಿದ್ರಾಮಪ್ಪ ತೀರ್ಪು ಕೊಟ್ಟ. "ಮಗ್ಗಕ್ಕ ಹಚ್ಚಿದಂಗ ಪಾಳಿ ಹಚ್ಚೂಣು. ದಿನಕ್ಕೊಂದು ಮನಿ. ಸಂಜೀಕ ತಂದು ಗೌರ್ಯಾನ ಮನ್ಯಾಗ ಇಡೂದು."

ಗೆರೆ ಹೊಡೆದು ಪಾಳಿ ಬರೆದವನು ಗೌರೀಶನೇ. ಮಾಲೀಕನೇ ಮುಂದೆ ನಿಂತರೆ ಚೆನ್ನಾಗಿರದೆಂದು ತನ್ನ ಹೆಸರನ್ನು ಕೊನೆಗೆ ಹಾಕಿಕೊಂಡ. ಅಕ್ಷತಾ ಕೊಟ್ಟ ಕೈಚೀಲಕ್ಕೆ ಡಂಬೆಲ್ಸ್ ತುಂಬಿಕೊಂಡು ಮೊದಲ ಪಾಳಿಯ ಇಂದ್ರವ್ವ ಹೊರಟಳು.

ಹೊತ್ತು ಇಳಿಯುವ ಮುಂಚೆ ಚೀಲ ತಿರುಗಿ ಬಂತು. ಗೌರೀಶ ಕೈಗೆ ತೆಗೆದುಕೊಂಡರೆ ಎಂಟು ಕಿಲೋಗಿಂತ ಭಾರ. ಒಳಗೆ ಇಣುಕಿದ. ಎರಡು ಡಂಬೆಲ್ಲುಗಳ ನಡುವೆ, ಇನ್ನೂ ಬಿಸಿಯಾರದ ಹೋಳಿಗೆಯ ಡಬ್ಬಿ.

"ಇದೇನ ದೊಡ್ಡವ್ವ?"

"ನಿಮ್ಮ ಕಬ್ಬಣ ನಿಮಗ ಕೊಟ್ರ ಅದು ಬರೇ ಚೀಲ ಕೊಟ್ಟಂಗಲ್ಲೇನಪಾ? ಮಂದಿ ಚೀಲ ಹಂಗ ಖಾಲಿ ಕೊಡ್ತಾರೇನು ಯಾರರೆ?"

"ಆದ್ರ ನನಗ ಸಕ್ರಿ..."

"ಅಷ್ಟೂ ತಿಳ್ಯಾಂಗಿಲ್ಲೇನು ನನಗ? ಸಕ್ರಿ ಒಂದು ಹರಳು ಹಾಕಿಲ್ಲ ತಮ್ಮಾ, ಬರೇ ಬೆಲ್ಲ!" ಎಂದಳು ಇಂದ್ರವ್ವ. "ಉಳದ ಒಂಬತ್ತೂ ಮನ್ಯಾಗ ಹಂಗ ಮಾಡ್ರಿ ಅಂತ ಹೇಳಿ ಬಂದೇನಿ."