ಒಂದು ಬಚ್ಚಲು, ಒಂದು ನಾಲ್ಕಾಣೆ

ನಮ್ಮ ಚಿಕ್ಕಪ್ಪನಷ್ಟು ಓದಿದವರು ಬಸವೇಶ್ವರನಗರದಲ್ಲೇ ಇರಲಿಲ್ಲ. ಅಷ್ಟು ಓದಿಯೂ ಬಚ್ಚಲಿಗೆ ಹೋಗಲು ನಾಣ್ಯ ಚಿಮ್ಮುವ ಇನ್ನೊಬ್ಬರು ಭೂಮಿಯ ಮೇಲೆಯೇ ಇರಲಿಲ್ಲ!

ಅವರದು ಕಂಪ್ಯೂಟರ್ ಸಂಶೋಧನೆ. ಎಂಬತ್ತರ ದಶಕದಲ್ಲಿ ನಾವ್ಯಾರೂ ಕಂಪ್ಯೂಟರ್ ಕಂಡವರಲ್ಲ. ಅವರಾದರೂ ಕಂಡಿದ್ದಾರೋ ಇಲ್ಲವೋ ಎಂದು ಅಮ್ಮನಿಗೆ ಅನುಮಾನ. ಎರಡು ಯಂತ್ರಗಳು ಏಕಕಾಲಕ್ಕೆ ಒಂದೇ ನಿಯಮದಂತೆ ನಡೆದರೆ ಎರಡೂ 'ನೀನು ಮೊದಲು' ಎಂದು ಕಾಯುತ್ತಲೇ ಇರುತ್ತವಂತೆ, ಇಲ್ಲವೇ ಎರಡೂ ಒಮ್ಮೆಗೇ ನುಗ್ಗುತ್ತವಂತೆ. ಅದಕ್ಕೆ ಮದ್ದು, ಎರಡೂ ತಮ್ಮ ಪಾಡಿಗೆ ನಾಣ್ಯ ಚಿಮ್ಮುವುದು. ಸಿಂಹ ಬಿದ್ದರೆ ಹೋಗು, ಅಂಕಿ ಬಿದ್ದರೆ ಕಾಯಿ. ಎರಡಕ್ಕೂ ಒಂದೇ ಬಿದ್ದರೆ ಮತ್ತೆ ಚಿಮ್ಮು.

ಒಂದೇ ಕಟ್ಟಡದಲ್ಲಿ ನಮ್ಮದೊಂದು, ಚಿಕ್ಕಪ್ಪನದೊಂದು ಪೋರ್ಷನ್; ಎರಡಕ್ಕೂ ಇದ್ದದ್ದು ಒಂದೇ ಬಚ್ಚಲು. ಅಪ್ಪ ಆಫೀಸಿಗೆ ತಡವಾಯಿತೆಂದು ಟವೆಲ್ ಹೊದ್ದು ಕುದಿಯುತ್ತಿದ್ದರೆ, ಚಿಕ್ಕಪ್ಪ ನಾಲ್ಕಾಣೆ ಚಿಮ್ಮಿ "ನೀನೂ ಟಾಸ್ ಹಾಕಣ್ಣ" ಎನ್ನುತ್ತಿದ್ದರು. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಿರುತ್ತಿದ್ದಳು.

ಅಜ್ಜಿ ಆಸ್ಪತ್ರೆ ಸೇರಿದ ಮೇಲೆ ಈ ನಗು ನಿಂತಿತು. ಆಪರೇಷನ್ ಮಾಡಿದರೂ ಉಳಿಯುವ ಭರವಸೆ ಅರ್ಧಕ್ಕರ್ಧ, ಮಾಡುವುದೋ ಬೇಡವೋ ನೀವೇ ಹೇಳಿ ಎಂದರು ಡಾಕ್ಟರ್. ಚಿಕ್ಕಪ್ಪ, ಪಾಪ, ಬೇರೇನೂ ತೋಚದೆ ಜೇಬಿನಿಂದ ನಾಣ್ಯ ತೆಗೆದರು. ಅಪ್ಪ ಆ ಕೈಗೇ ಹೊಡೆದರು.

"ಅಮ್ಮನ ಜೀವ ಕಣೋ ಅದು."

ಅಜ್ಜಿ ಉಳಿಯಲಿಲ್ಲ. ಅಣ್ಣತಮ್ಮಂದಿರ ಮಾತುಕತೆಯೂ ನಿಂತುಹೋಯಿತು.

ಮುಂದಿನ ಯುಗಾದಿಗೆ ಇಬ್ಬರ ಮನಸ್ಸೂ ಕರಗಿತು. ನಾವೆಲ್ಲ ದೇವಸ್ಥಾನಕ್ಕೆ ಹೋಗಿದ್ದಾಗ ಅಪ್ಪ ಬೇವುಬೆಲ್ಲ ಹಿಡಿದು ಮುಂಬಾಗಿಲಿನಿಂದ ತಮ್ಮನ ಮನೆಗೆ ಹೋದರು. ಅದೇ ಗಳಿಗೆಯಲ್ಲಿ ಚಿಕ್ಕಪ್ಪ ಹಿತ್ತಿಲಿನಿಂದ ನಮ್ಮ ಮನೆಗೆ ಬಂದರು! ಇಬ್ಬರಿಗೂ ಸಿಕ್ಕಿದ್ದು ಖಾಲಿ ಕುರ್ಚಿ. 'ನನ್ನ ಮುಖ ನೋಡಲಾರದೆ ಎದ್ದು ಹೋಗಿದ್ದಾನೆ' ಎಂದುಕೊಂಡು ಇಬ್ಬರೂ ಬಂದ ದಾರಿಯಲ್ಲೇ ಹಿಂತಿರುಗಿದರು. ಸಂಜೆ ಎರಡೂ ಕಡೆಯ ದೂರು ಕೇಳಿದ ನಾನು ಇಬ್ಬರಿಗೂ ನಿಜ ಹೇಳಿದೆ. ಚಿಕ್ಕಪ್ಪನಿಗೆ ತಮ್ಮ ಸಿದ್ಧಾಂತವೇ ಗೆದ್ದಂತಾಯಿತು. ಯಾರು ಹೋಗಬೇಕು, ಯಾರು ಕಾಯಬೇಕು ಎಂದು ಇನ್ನು ಅಣ್ಣನೂ ಟಾಸ್ ಹಾಕಲೇಬೇಕು ಎಂದರು. ಅಪ್ಪ ಆ ದರಿದ್ರ ನಾಣ್ಯ ಮುಟ್ಟುವುದಿಲ್ಲ ಎಂದರು. ಇಂಥವರ ನಡುವೆ ಬದುಕುವುದು ಹೇಗೆ ಸ್ವಾಮಿ?

"ಟಾಸ್ ಹಾಕಿದ್ರೆ ಒಂದಲ್ಲ ಒಂದು ದಿನ ಸರಿಹೋಗೇ ಹೋಗತ್ತೆ" ಎಂದರು ಚಿಕ್ಕಪ್ಪ.

"ಯಾವತ್ತು?" ಎಂದು ಕೇಳಿದೆ.

"ಅದನ್ನ ಹೇಳಕ್ಕಾಗಲ್ಲ ಕಣಮ್ಮ."

ಯಂತ್ರಗಳು ಎಷ್ಟು ದಿನ ಬೇಕಾದರೂ ಕಾದಾವು. ಇವರಿಬ್ಬರೂ ಹಾಗೇ ಕಾಯುತ್ತಿರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಬಂದು ಮಂಚದ ಪಕ್ಕ ಕುಳಿತರು.

"ಇನ್ನು ಟಾಸ್ ಬೇಡ ಅಣ್ಣ. ನೀನು ಇಲ್ಲೇ ಇರ್ತೀಯ. ಬರೋದು ನನ್ನ ಕೆಲಸ."

ಅಪ್ಪ ತಮ್ಮನತ್ತ ಮುಖ ತಿರುಗಿಸಿದರು. ಆಮೇಲೆ ತೊದಲುತ್ತಾ, "ಸ್ನಾನ... ಆಯ್ತೇನೋ?" ಎಂದರು.

"ಇಲ್ಲ. ನೀನು ಮೊದಲು" ಎಂದು ಚಿಕ್ಕಪ್ಪ ಅಣ್ಣನನ್ನು ಎತ್ತಿಕೊಂಡು ಬಚ್ಚಲಿಗೆ ನಡೆದರು.