ಎರಡು ಮೊಳದ ಗೋಡೆ ದಾಟುವ ಫೋನು

ಎತ್ತು ಕೊಳ್ಳುವಾಗ ಹಲ್ಲು ನೋಡಬೇಕು, ಗಡಿಗೆ ಕೊಳ್ಳುವಾಗ ಬಾರಿಸಿ ನೋಡಬೇಕು. ಇಷ್ಟು ಬುದ್ಧಿ ನಮ್ಮ ಮನೆತನದಲ್ಲಿ ಎಲ್ಲರಿಗೂ ಇದೆ. ಆದರೆ ಗಾಳಿಯಲ್ಲಿ ಮಾತು ಹಾರಿಸುವ ಯಂತ್ರವನ್ನು ಎಲ್ಲಿ ಮುಟ್ಟಿ, ಎಲ್ಲಿ ಬಾರಿಸಿ ನೋಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾರ್ಡ್‌ಲೆಸ್ ಫೋನು ನಮ್ಮ ಕಡೆ ಹೊಸದಾಗಿ ಬಂದಿದ್ದ ತೊಂಬತ್ತರ ದಶಕದ ಮಾತು. ನಾನು ಆಳಂದದ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಮುಂಗಾರು ಗಾಳಿ ಎಲ್ಲಿಂದ ಬರುತ್ತದೆ ಕೇಳಿ, ನಕ್ಷೆ ಬರೆದು ತೋರಿಸುತ್ತೇನೆ. ಮಾತು ಹೊತ್ತು ಬರುವ ಗಾಳಿಯ ವಿಷಯದಲ್ಲಿ ಮಾತ್ರ ಶುದ್ಧ ದಡ್ಡ.

ಅಂಥವನು ಈ ಉಸಾಬರಿಗೆ ಹೋದದ್ದು ಹೆಂಡತಿಯ ಸಲುವಾಗಿ. ನಮ್ಮ ಫೋನು ಇದ್ದದ್ದು ಪಡಸಾಲೆಯಲ್ಲಿ, ಅಪ್ಪನ ಮಂಚದ ಮಗ್ಗುಲಿಗೆ. ಮಹಾನಂದಾಳ ತವರು ಅಫಜಲಪುರ ತಾಲ್ಲೂಕಿನ ಕರಜಗಿ. ಪ್ರತಿ ರವಿವಾರ ಅಲ್ಲಿಂದ ಅವಳ ತಾಯಿ ಫೋನು ಮಾಡುತ್ತಿದ್ದರು. ಇವಳು ಸೆರಗು ಸರಿ ಮಾಡಿಕೊಂಡು ಬಂದು, "ಹೂಂನವ್ವ... ಆರಾಮ ಅದೇವಿ... ಹೂಂ... ಹೂಂ" ಎಂದು ಇಟ್ಟುಬಿಡುತ್ತಿದ್ದಳು. ಒಂದು ರವಿವಾರ ಹೀಗೆ ಫೋನಿಟ್ಟು ಅಡಿಗೆಮನೆಗೆ ಹೋದವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ, "ಉಳ್ಳಾಗಡ್ಡಿ ಹೆಚ್ಚಾಕತ್ತೇನಿರಿ" ಎಂದಳು. ಕೈಯಲ್ಲಿ ಇದ್ದದ್ದು ಬದನೆಕಾಯಿ. ಪಾಪ, ಮಾವನ ಮಂಚದ ಹತ್ತಿರ ನಿಂತು ಸೊಸೆ ತಾಯಿಯ ಜೊತೆ ಏನು ತಾನೇ ಮಾತಾಡಿಯಾಳು? ಕರಜಗಿಯ ಮಾತನ್ನು ಅಡಿಗೆಮನೆಗೇ ಮುಟ್ಟಿಸುತ್ತೇನೆಂದು ಅವತ್ತೇ ಹಟ ತೊಟ್ಟೆ. ಉದ್ದ ವೈರು ಎಳೆದರೆ ಹೊಸ್ತಿಲಲ್ಲಿ ಯಾರಾದರೂ ಎಡವಿ ಬೀಳುವುದು ಗ್ಯಾರಂಟಿ. ಕಾರ್ಡ್‌ಲೆಸ್ಸೇ ಆಗಬೇಕು. ಆದರೆ ನಡುವೆ ನಮ್ಮ ಮುತ್ತಜ್ಜ ಕಟ್ಟಿಸಿದ ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ ಇತ್ತಲ್ಲ!

ಸೊಲ್ಲಾಪುರದ ಅಂಗಡಿಯಲ್ಲಿ ಎರಡು ಫೋನು ತೋರಿಸಿದರು. ಒಂದು ಬೆಳ್ಳಗೆ, ಚಿಕ್ಕದು, ನೋಡಲು ಮುದ್ದಾಗಿತ್ತು. ಇನ್ನೊಂದು ಕರ್ರಗೆ, ದಪ್ಪನೆಯದು, ಅದರ ಅಂಟೆನಾ ಎಳೆದರೆ ಎದುರಿಗಿದ್ದವರ ಕಣ್ಣಿಗೇ ಚುಚ್ಚುವಂತಿತ್ತು.

"ಗ್ವಾಡಿ ದಾಟ್ತದೇನ್ರಿ?" ಎಂದು ಕೇಳಿದೆ.

"ದಾಟ್ತದ್ರಿ. ಎಷ್ಟು ದಪ್ಪ ಅದ ನಿಮ್ಮ ಗ್ವಾಡಿ?" ಎಂದರು ಅಂಗಡಿಯವರು.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ.

"ಮೇಷ್ಟ್ರ, ಇದು ಫೋನ್ ಅದರಿ, ತೋಪಲ್ಲ!"

ಆದರೂ ನಡೆಸಿ ನೋಡದೆ ಎತ್ತು ತಂದ ಮನೆತನ ನಮ್ಮದಲ್ಲ. ಅಂಗಡಿಯವರಿಗೆ ಅಂಗಡಿಯ ಬೇರೊಂದು ಫೋನಿನಿಂದ ಮಾತಾಡುತ್ತಿರಲು ಹೇಳಿ, ಬಿಳಿಯದನ್ನು ಕಿವಿಗೆ ಹಿಡಿದು ಬಜಾರಿನಲ್ಲಿ ನಡೆದೆ. ಪಕ್ಕದ ಬಟ್ಟೆ ಅಂಗಡಿ ದಾಟುವಷ್ಟರಲ್ಲಿ ಅದು ಗರ್ ಎಂದು ಗಂಟಲು ಕಟ್ಟಿಕೊಂಡಿತು. ಕರಿಯದನ್ನು ಹಿಡಿದು ಹೊರಟೆ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಗಿರಣಿ ಎಲ್ಲ ದಾಟಿ ಒಂದು ಖಾನಾವಳಿಯ ಒಳಕೋಣೆಗೂ ಹೋದೆ. ರೊಟ್ಟಿ ತಟ್ಟುತ್ತಿದ್ದ ಹೆಂಗಸು ಬಾಯಿ ತೆರೆದು ನೋಡುತ್ತಿದ್ದಳು. ಕಿವಿಯಲ್ಲಿ ಮಾತ್ರ ಸ್ಪಷ್ಟ ಧ್ವನಿ: "ಮೇಷ್ಟ್ರ, ಹೊಳ್ಳಿ ಬರ್ತೀರೋ, ಇಲ್ಲಾ ಹಂಗೇ ಊರಿಗೆ ಹೋಗ್ತೀರೋ?" ಅದನ್ನೇ ಕೊಂಡೆ.

ರವಿವಾರ ಬಂತು. ಫೋನು ರಿಂಗಾಯಿತು. ಅಂಟೆನಾ ಎಳೆದು ಮಹಾನಂದಾಳ ಕೈಗೆ ಕೊಟ್ಟೆ. ಅವಳು ಅಡಿಗೆಮನೆಗೆ ಹೋದಳು. ಗೋಡೆ ದಾಟಿತೋ ಇಲ್ಲವೋ ನೋಡಬೇಡವೇ? ನಾನೂ ಹೋಗಿ, "ಕೇಳಸ್ತದೇನ?" ಎಂದೆ. "ಹೂಂ" ಎಂದು ದೇವರ ಕೋಣೆಗೆ ಹೋದಳು. ಅಲ್ಲಿಗೂ ಹೋದೆ. ಹಿತ್ತಲಿಗೆ ಹೋದಳು, ಹಿತ್ತಲಿಗೂ ಹೋದೆ. ಅವಳು ಸರಸರ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹೋದಳು. ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದೆ, ಮೇಲಿನಿಂದ ಕೇಳಿಸಿತು: "ತಡಿಯವ್ವ, ಇನ್ನೂ ಬೆನ್ನಿಗೇ ಅದಾರ."

ಕಾಲು ಹಿಂದೆ ತೆಗೆದು ಪಡಸಾಲೆಗೆ ಬಂದರೆ ಮಂಚ ಖಾಲಿ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

"ಇಲ್ಲಿ ಬಾರಲೇ, ಕೂಡು," ಎಂದರು. "ಬೀಗರ ಫೋನ್ ಬಂದಾಗೊಮ್ಮೆ ನಾ ಎದ್ದು ಇಲ್ಲಿ ಬಂದು ಕೂಡ್ತೇನಿ. ಹುಡುಗಿ ತಾಯಿ ಕೂಡ ನಾಕ್ ಮಾತು ಆಡ್ಲಿ ಅಂತ. ನೀನೇ ಅಲ್ಲಿ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತಿರ್ತಿ."

ಹೌದು. ಆ ಹೊತ್ತಿನಲ್ಲಿ ನನ್ನ ಕಣ್ಣು, ಕಿವಿ ಎರಡೂ ಫೋನಿನ ಮೇಲೆಯೇ ಇರುತ್ತಿದ್ದುದರಿಂದ ಅಪ್ಪ ಎದ್ದು ಹೋಗುವುದು ನನಗೆ ಒಂದು ದಿನವೂ ಕಂಡಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೂತೆ. ಅಷ್ಟರಲ್ಲಿ ಮಾಳಿಗೆಯ ಮೇಲಿಂದ ನಗು ಕೇಳಿತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಾನು ಕೇಳಿರಲಿಲ್ಲ. ನಿಜ ಹೇಳುತ್ತೇನೆ, ಭಾಳ ಖುಷಿಯಾಯಿತು. ಆದರೆ ಹಾಳು ಕಿವಿ ಸುಮ್ಮನಿರಬೇಕಲ್ಲ.

"ಅಪ್ಪಾ, ಏನು ಮಾತಾಡಾಕತ್ತಿರಬಹುದು?" ಎಂದೆ.

ಅಪ್ಪ ಒಂದು ಗಳಿಗೆ ಕಿವಿಗೊಟ್ಟು ಕೇಳಿ, "ಅಷ್ಟು ನಗಾಕತ್ತಾಳಂದ್ರ, ನಿಂದೇ ಸುದ್ದಿ ಇರಬೇಕು ಬಿಡು," ಎಂದರು.